ಫ್ಲೋಬೇರನ ಗೆಳೆಯರು

ಫ್ಲೋಬೇರ್ ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು 'ಮದಾಂ ಬೊವಾರಿ'. ಅದು ಸಹಜವೇ. ಹಳ್ಳಿಗಾಡಿನ ವೈದ್ಯನ ಹೆಂಡತಿಯ ಆ ದುರಂತ ಎಷ್ಟು ಪ್ರಸಿದ್ಧವಾಯಿತೆಂದರೆ, ಅದು ಪುಸ್ತಕವಾಗಿ ಬಂದ ಹನ್ನೆರಡು ವರ್ಷಗಳ ಅನಂತರ, 1869ರಲ್ಲಿ, ಅದೇ ಲೇಖಕ ಪ್ರಕಟಿಸಿದ ಮತ್ತೊಂದು ದೊಡ್ಡ ಕಾದಂಬರಿ ಅದರ ನೆರಳಿನಲ್ಲಿಯೇ ಉಳಿದುಬಿಟ್ಟಿತು. ಇಂಗ್ಲಿಷಿನಲ್ಲಿ ಅದರ ಹೆಸರು 'ಸೆಂಟಿಮೆಂಟಲ್ ಎಜುಕೇಷನ್'. ರಾಬರ್ಟ್ ಬಾಲ್ಡಿಕ್ ಮಾಡಿದ ಅನುವಾದವನ್ನು ಪೆಂಗ್ವಿನ್ ಪ್ರಕಾಶನದವರು 1964ರಲ್ಲಿ ತಂದರು. ಕನ್ನಡದಲ್ಲಿ ಏನೆಂದು ಕರೆಯೋಣ? 'ಭಾವಶಿಕ್ಷಣ' ಎಂದರೆ ಉಪಾಧ್ಯಾಯರ ತರಬೇತಿ ಕಾಲೇಜಿನ ಪಠ್ಯಪುಸ್ತಕದಂತೆ ಕೇಳಿಸುತ್ತದೆ. 'ಹೃದಯ ಕಲಿತ ಪಾಠ' ಎನ್ನೋಣವೆಂದರೆ, ಈ ಕಾದಂಬರಿಯಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲವೆಂಬುದೇ ಹಲವರ ಆಕ್ಷೇಪಣೆ. ಹೆಸರಿನ ಗೊಡವೆ ಬಿಡೋಣ.

ಕಥೆಯ ಎಳೆ ಬಹಳ ಸರಳವಾದದ್ದು. 1840ರ ಸೆಪ್ಟೆಂಬರ್ 15ರ ಬೆಳಗ್ಗೆ ಪ್ಯಾರಿಸಿನಿಂದ ಹೊರಟ ಉಗಿದೋಣಿಯೊಂದರಲ್ಲಿ ಹದಿನೆಂಟು ವರ್ಷದ ಫ್ರೆಡೆರಿಕ್ ಮೊರೋ ತನ್ನ ಊರಾದ ನೊಜಾಂಗೆ ಹಿಂದಿರುಗುತ್ತಿದ್ದಾನೆ. ಪರೀಕ್ಷೆ ಪಾಸಾಗಿದೆ, ರಜ ಕಳೆದ ಮೇಲೆ ಪ್ಯಾರಿಸಿಗೆ ಬಂದು ಕಾನೂನು ಓದಬೇಕು. ದೋಣಿಯಲ್ಲಿ ಒಬ್ಬ ವಿವಾಹಿತ ಹೆಂಗಸನ್ನು ಕಾಣುತ್ತಾನೆ. ಜಾರಿ ನೀರಿಗೆ ಬೀಳಲಿದ್ದ ಅವಳ ಶಾಲನ್ನು ಹಿಡಿದುಕೊಡುತ್ತಾನೆ. ಆಕೆ ಚಿತ್ರಗಳ ವ್ಯಾಪಾರಿ ಆರ್ನೂವಿನ ಹೆಂಡತಿ. ಅಲ್ಲಿಂದ ಮುಂದೆ ಇಪ್ಪತ್ತಾರು ಇಪ್ಪತ್ತೇಳು ವರ್ಷ ಅವನ ಮನಸ್ಸು ಆಕೆಯದು. ಆಕೆಯನ್ನು ಪಡೆಯುವುದಿಲ್ಲ, ಮರೆಯುವುದೂ ಇಲ್ಲ. ನಡುವೆ ರೊಸಾನೆತ್ ಎಂಬ ವೇಶ್ಯೆಯಲ್ಲಿ ಅವನಿಗೊಂದು ಮಗು ಹುಟ್ಟಿ ಸಾಯುತ್ತದೆ. ಬ್ಯಾಂಕರನೊಬ್ಬನ ವಿಧವೆಯನ್ನು ಮದುವೆಯಾಗುವವರೆಗೆ ಬಂದು ಬಿಟ್ಟುಬಿಡುತ್ತಾನೆ. ಕೊನೆಗೆ, ಊರಿನಲ್ಲಿ ತನಗಾಗಿ ಹಂಬಲಿಸುತ್ತಿದ್ದ ಲೂಯಿಸ್ ಎಂಬ ಹುಡುಗಿಯಾದರೂ ಇದ್ದಾಳಲ್ಲ ಎಂದು ನೊಜಾಂಗೆ ಧಾವಿಸಿದರೆ, ಆಕೆ ಮದುವೆಯ ಉಡುಪಿನಲ್ಲಿ ಇಗರ್ಜಿಯಿಂದ ಹೊರಬರುತ್ತಿದ್ದಾಳೆ. ಪಕ್ಕದಲ್ಲಿರುವ ವರ ಇವನ ಪ್ರಾಣಸ್ನೇಹಿತ ದೆಲೋರಿಯೇ!

ಇದನ್ನು ವಿಫಲ ಪ್ರೇಮದ ಕಥೆಯೆಂದು ಓದುವುದು ವಾಡಿಕೆ. ಫ್ಲೋಬೇರ್ ತಾನೇ 1836ರಲ್ಲಿ, ಹದಿನಾಲ್ಕರ ಹುಡುಗನಾಗಿ, ತ್ರೂವಿಲ್ ಎಂಬ ಸಮುದ್ರತೀರದ ಊರಿನಲ್ಲಿ ಎಲಿಸಾ ಶ್ಲೆಸಿಂಜೆ ಎಂಬಾಕೆಯನ್ನು ಕಂಡು ಮರುಳಾದದ್ದು ಎಲ್ಲರೂ ಬಲ್ಲ ಸಂಗತಿ. ಜೀವನಚರಿತ್ರೆಯಲ್ಲಿ ಇಂಥದೊಂದು ಸುಳಿವು ಸಿಕ್ಕಿಬಿಟ್ಟರೆ ವಿಮರ್ಶಕರಿಗೆ ಹಬ್ಬ. ಆದರೆ ಗ್ರಂಥವನ್ನೇ ಮುಂದಿಟ್ಟುಕೊಂಡು ನೋಡಿದರೆ ಬೇರೊಂದು ಚಿತ್ರ ಏಳುತ್ತದೆ. ದೋಣಿಯಿಂದಿಳಿದು ಮನೆ ಸೇರಿದ ಆ ರಾತ್ರಿಯೇ ಫ್ರೆಡೆರಿಕ್ ದೆಲೋರಿಯೇಯೊಡನೆ ಊರಿನ ಬೀದಿಗಳಲ್ಲಿ ಅಲೆಯುತ್ತ ಭವಿಷ್ಯದ ಕನಸು ಕಟ್ಟುತ್ತಾನೆ. ಕಾದಂಬರಿಯ ಕೊನೆಯ ಪುಟದಲ್ಲಿ ಕುಳಿತಿರುವವರೂ ಈ ಇಬ್ಬರೇ. ಪ್ರಿಯತಮೆ ಅದಕ್ಕೆ ಮೊದಲೇ ರಂಗದಿಂದ ನಿರ್ಗಮಿಸಿರುತ್ತಾಳೆ. ಪ್ರೇಮ ಈ ಕೃತಿಯ ವಸ್ತು ಹೌದು. ಆದರೆ ಪಾತ್ರಗಳನ್ನು ಲೇಖಕ ತೂಗುವುದು ಸ್ನೇಹದ ತಕ್ಕಡಿಯಲ್ಲಿ.

ಗೆಳೆಯರ ಗುಂಪನ್ನು ನೋಡಿ. ಮಹಾನಗರದಲ್ಲಿ ರೂಮು ಮಾಡಿಕೊಂಡು ಓದಿದ ಯಾರಿಗೂ ಇವರನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಪೆಲ್ಲೆರಿನ್ ಎಂಬ ಚಿತ್ರಕಾರ, ಕಲೆಯ ಸಿದ್ಧಾಂತಗಳನ್ನೆಲ್ಲ ಬಲ್ಲವನು, ಚಿತ್ರ ಮಾತ್ರ ಮುಗಿಯದು. ಉಸೊನೆ ಎಂಬ ಪತ್ರಿಕೆಯವನು, ಎಲ್ಲವನ್ನೂ ಹಾಸ್ಯಮಾಡುವವನು. ಮಾರ್ತಿನೋಂ, ಯಾರ ಮನೆಯ ಬಾಗಿಲು ತಟ್ಟಿದರೆ ಲಾಭವೆಂದು ಇಪ್ಪತ್ತರಲ್ಲೇ ತಿಳಿದವನು. ಸೆನೆಕಾಲ್, ಲೆಕ್ಕದ ಮೇಷ್ಟ್ರು. ಸಮಾಜವಾದವನ್ನೂ ಪ್ರಮೇಯದಂತೆ ಒಪ್ಪಿಸುವ ಗಂಟುಮುಖದವನು. ಇವರ ನಡುವೆ ದೆಲೋರಿಯೇ: ತಂದೆಯ ಕೈಯಲ್ಲಿ ಹೊಡೆತ ತಿಂದು ಬೆಳೆದ ಬಡವರ ಹುಡುಗ, ಬುದ್ಧಿವಂತ, ಅಧಿಕಾರದ ಹಸಿವುಳ್ಳವನು. ಅವನೂ ಫ್ರೆಡೆರಿಕನೂ ಕೆಲಕಾಲ ಒಂದೇ ಮನೆಯಲ್ಲಿ ಇರುತ್ತಾರೆ. ಸಂಜೆ ಎಲ್ಲರೂ ಸೇರಿ ಹೊಗೆಬತ್ತಿ ಸೇದುತ್ತ ಸರ್ಕಾರವನ್ನು ಉರುಳಿಸುತ್ತಾರೆ, ಕಲೆಯನ್ನು ಉದ್ಧರಿಸುತ್ತಾರೆ, ಹೆಂಗಸರ ಸ್ವಭಾವವನ್ನು ತೀರ್ಮಾನಿಸುತ್ತಾರೆ.

ಆಡುವುದಕ್ಕೂ ಕೊಡುವುದಕ್ಕೂ ಕನ್ನಡದಲ್ಲಿ ನಮಗೆ 'ಮಾತು' ಎಂಬ ಒಂದೇ ಪದ. ಈ ಕೂಟದಲ್ಲಿ ಆಡಿದ ಮಾತು ಹೇರಳ. ಕೊಟ್ಟ ಮಾತು ಏನಾಗುತ್ತದೆಂಬುದನ್ನು ಫ್ಲೋಬೇರ್ ಲೆಕ್ಕಿಗನಂತೆ ಬರೆದಿಡುತ್ತ ಹೋಗುತ್ತಾನೆ.

1845ರಲ್ಲಿ ಫ್ರೆಡೆರಿಕನಿಗೆ ದೊಡ್ಡಪ್ಪನೊಬ್ಬನ ಆಸ್ತಿ ಬರುತ್ತದೆ. ವರ್ಷಕ್ಕೆ ಇಪ್ಪತ್ತೇಳು ಸಾವಿರ ಫ್ರಾಂಕುಗಳ ವರಮಾನ. ಪತ್ರಿಕೆ ಹೊರಡಿಸಬೇಕೆಂಬುದು ದೆಲೋರಿಯೇಯ ಬಹುದಿನದ ಆಸೆ. ಅದಕ್ಕಾಗಿ ಹದಿನೈದು ಸಾವಿರ ಕೊಡುವುದಾಗಿ ಫ್ರೆಡೆರಿಕ್ ಮಾತು ಕೊಡುತ್ತಾನೆ. ಹಣ ಕೈಗೂ ಬರುತ್ತದೆ. ಅಷ್ಟರಲ್ಲಿ ಆರ್ನೂ ಸಾಲದ ಸುಳಿಯಲ್ಲಿ ಸಿಕ್ಕಿ ಮನೆಗೆ ಬಂದು ಕಣ್ಣೀರಿಡುತ್ತಾನೆ. ಅವನು ಮುಳುಗಿದರೆ ಅವನ ಹೆಂಡತಿ ಊರು ಬಿಟ್ಟು ಹೋಗಬೇಕಾದೀತು! ಹದಿನೈದು ಸಾವಿರವೂ ಆ ಕ್ಷಣವೇ ಆರ್ನೂವಿನ ಕೈ ಸೇರುತ್ತದೆ; ಮರಳಿ ಬರುವುದಿಲ್ಲ. ಗೆಳೆಯನಿಗೆ ಸಿಕ್ಕುವುದು ಸುಳ್ಳು ಸಮಾಧಾನ. ಸಾಮಾನ್ಯ ಲೇಖಕನಾಗಿದ್ದರೆ ಇದನ್ನು ಪ್ರೇಮದ ತ್ಯಾಗವೆಂದು ಚಿತ್ರಿಸಿ ನಮ್ಮ ಕಣ್ಣಲ್ಲಿ ನೀರು ತರಿಸುತ್ತಿದ್ದ. ಫ್ಲೋಬೇರ್ ಒಂದು ವಿಶೇಷಣವನ್ನೂ ಖರ್ಚುಮಾಡುವುದಿಲ್ಲ. ತ್ಯಾಗವಾದದ್ದು ಯಾರದು? ದೆಲೋರಿಯೇಯ ಹತ್ತು ವರ್ಷದ ಆಸೆ ತಾನೆ? ಅವನು ಮುಂದೆ ಮದಾಂ ಆರ್ನೂವನ್ನು ಒಲಿಸಿಕೊಳ್ಳಲು ಹೋಗುವುದಕ್ಕೂ, ಲೂಯಿಸಳನ್ನು ಮದುವೆಯಾಗುವುದಕ್ಕೂ ಬೇರು ಇಲ್ಲಿಯೇ ಇದೆ. ಗೆಳೆಯನಿಂದ ಬರಬೇಕಾದ ಬಾಕಿಯನ್ನು ಅವನು ಬೇರೆ ನಾಣ್ಯದಲ್ಲಿ ವಸೂಲು ಮಾಡಿಕೊಳ್ಳುತ್ತಾನೆ.

1848ರ ಫೆಬ್ರವರಿ 22ರ ಸನ್ನಿವೇಶ ಇದಕ್ಕಿಂತ ಮಿಗಿಲಾದದ್ದು. ಪ್ಯಾರಿಸಿನಲ್ಲಿ ಕ್ರಾಂತಿ ಇನ್ನೇನು ಒಡೆಯಲಿದೆ. ಹಿಂದಿನ ವಚನದಂತೆ ನಸುಕಿನಲ್ಲಿ ಬಂದು ಸೇರತಕ್ಕದ್ದೆಂದು ದೆಲೋರಿಯೇ ಚೀಟಿ ಕಳುಹಿಸುತ್ತಾನೆ. ಆದರೆ ಅದೇ ಮಧ್ಯಾಹ್ನ ಮದಾಂ ಆರ್ನೂ ಮೊಟ್ಟಮೊದಲ ಬಾರಿಗೆ ಏಕಾಂತದಲ್ಲಿ ಬರಲು ಒಪ್ಪಿದ್ದಾಳೆ. ಫ್ರೆಡೆರಿಕ್ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಸಿಂಗರಿಸಿ, ಬೀದಿಯಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ. ದೂರದಲ್ಲಿ ಜನರ ಕೂಗು ಕೇಳುತ್ತಿದೆ. ಆಕೆ ಬರುವುದಿಲ್ಲ, ಮಗುವಿಗೆ ಗಂಟಲುಬೇನೆ ಬಂದು ಉಸಿರು ಕಟ್ಟಿದೆ. ದೇವರು ಎಚ್ಚರಿಸಿದನೆಂದು ಆ ತಾಯಿ ಒಳಗೊಳಗೇ ಈ ಪ್ರೇಮವನ್ನು ಬಲಿಕೊಟ್ಟುಬಿಡುತ್ತಾಳೆ. ಫ್ರೆಡೆರಿಕನಿಗೆ ಇದೊಂದೂ ತಿಳಿಯದು. ಮರುದಿನ ರಾತ್ರಿ, ಅವಳಿಗಾಗಿ ಅಣಿಮಾಡಿದ ಅದೇ ಕೋಣೆಗೆ ರೊಸಾನೆತಳನ್ನು ಕರೆದೊಯ್ಯುತ್ತಾನೆ. ಹೊರಗೆ ಗುಂಡಿನ ಸದ್ದು. ಒಂದು ದೇಶದ ಇತಿಹಾಸವೂ ಒಬ್ಬ ಯುವಕನ ಸಣ್ಣತನವೂ ಹೀಗೆ ಒಂದೇ ಕಿಟಕಿಯ ಎರಡು ಬದಿಗೆ ನಿಂತಿರುವ ಚಿತ್ರ ಮತ್ತೊಂದು ಕಾದಂಬರಿಯಲ್ಲಿ ನನಗೆ ದೊರೆತಿಲ್ಲ.

ಗ್ರಂಥದ ಎಲ್ಲ ಭಾಗಗಳೂ ಈ ಮಟ್ಟದಲ್ಲಿವೆಯೆಂದು ಹೇಳಲಾರೆ. ಬ್ಯಾಂಕರನ ಮನೆಯ ಔತಣಗಳೂ ದಿವಾನಖಾನೆಯ ಸಂಭಾಷಣೆಗಳೂ ಬೇಸರ ತರಿಸುವಷ್ಟು ದೀರ್ಘವಾಗಿವೆ. ಶ್ರೀಮಂತರ ಮಾತಿನ ಬರಡುತನವನ್ನು ತೋರಿಸಲು ಬರಡು ಮಾತನ್ನು ಪುಟಗಟ್ಟಲೆ ಬರೆಯಬೇಕಾಗಿರಲಿಲ್ಲ. ಹೆನ್ರಿ ಜೇಮ್ಸನಂಥ ಸೂಕ್ಷ್ಮಮತಿಗೂ ಈ ಕೃತಿ ರುಚಿಸಲಿಲ್ಲವೆಂದರೆ ಕಾರಣ ಇಲ್ಲದಿಲ್ಲ. ಪ್ರಕಟವಾದಾಗಲೂ ಫ್ರೆಂಚ್ ಪತ್ರಿಕೆಗಳು ಇದನ್ನು ಹಳಿದುವು. ಮುಂದೆ ಬಂದು ಸಮರ್ಥಿಸಿದ ಕೆಲವರಲ್ಲಿ ಮುಪ್ಪಿನ ಜಾರ್ಜ್ ಸಾಂಡ್ ಒಬ್ಬಳು. ಆಕ್ಷೇಪಣೆಯ ತಿರುಳು ಇಷ್ಟೇ: ಲೇಖಕನಿಗೆ ಎದೆಯಿಲ್ಲ, ಯಾವುದರಲ್ಲಿಯೂ ನಂಬಿಕೆಯಿಲ್ಲ, ಪ್ರೀತಿ ಸ್ನೇಹ ಕ್ರಾಂತಿ ಎಲ್ಲವನ್ನೂ ಒಂದೇ ಕೈಬರಹದಲ್ಲಿ ಅಳಿಸಿಹಾಕಿದ್ದಾನೆ.

ಈ ಆಪಾದನೆಗೆ ಉತ್ತರ ಕಾದಂಬರಿಯ ಒಳಗೇ ಇದೆ. ಆ ಉತ್ತರದ ಹೆಸರು ದ್ಯುಸಾರ್ದಿಯೇ.

ಅಂಗಡಿಯೊಂದರ ಗುಮಾಸ್ತ; ದೊಡ್ಡ ಮೈಕಟ್ಟು, ಅಷ್ಟೇನೂ ಓದಿದವನಲ್ಲ. ವಿದ್ಯಾರ್ಥಿಗಳ ಗಲಭೆಯ ದಿನ ಪೋಲೀಸಿನವನೊಬ್ಬ ಹುಡುಗನೊಬ್ಬನ ಮೇಲೆ ಕೈಮಾಡಿದ್ದನ್ನು ಕಂಡು, ಇವನು ಆ ಪೋಲೀಸಿನವನನ್ನು ಕೆಡವಿ ಸೆರೆಯಾಗುತ್ತಾನೆ. ಫ್ರೆಡೆರಿಕನೂ ಉಸೊನೆಯೂ ಠಾಣೆಗೆ ಹೋಗಿ, ಇವನು ನಮ್ಮ ಗೆಳೆಯ ಎಂದು ಸುಳ್ಳು ಹೇಳಿ ಒಳಗೆ ನುಗ್ಗಿ ಅವನಿಗೆ ಚುಟ್ಟ ಕೊಡುತ್ತಾರೆ. ಅವರಿಗೆ ಅದೊಂದು ಚೇಷ್ಟೆ, ಒಂದು ಮಧ್ಯಾಹ್ನದ ವಿನೋದ. ಆದರೆ ಅವನು ಅದನ್ನು ನಿಜವೆಂದು ತೆಗೆದುಕೊಂಡ, ಕೊನೆಯವರೆಗೂ ಹಾಗೆಯೇ ನಡೆದುಕೊಂಡ. ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ಹಿಂದಿರುಗಿದ ಹಸುವಿನ ಕಥೆ ಕೇಳಿ ಬೆಳೆದ ನಮಗೆ ಈ ಪಾತ್ರ ಗುರುತಾಗುವುದು ಕಷ್ಟವಲ್ಲ. ಫ್ಲೋಬೇರ್ ಅವನನ್ನು ಪುರಾಣಪುರುಷನನ್ನಾಗಿ ಮಾಡಿಲ್ಲ ಎಂಬುದಷ್ಟೇ ವ್ಯತ್ಯಾಸ. ದ್ಯುಸಾರ್ದಿಯೇ ತಪ್ಪನ್ನೂ ಮಾಡುತ್ತಾನೆ. 1848ರ ಜೂನ್ ತಿಂಗಳಲ್ಲಿ ಕೆಲಸಗಾರರು ದಂಗೆಯೆದ್ದಾಗ, ಗಣರಾಜ್ಯವನ್ನು ಉಳಿಸಬೇಕೆಂದು ಅವರ ವಿರುದ್ಧವೇ ಹೋರಾಡಿ ಗಾಯಗೊಳ್ಳುತ್ತಾನೆ. ಆಮೇಲೆ ಹಾಸಿಗೆಯಲ್ಲಿ ಮಲಗಿ, ತಾನು ನಿಲ್ಲಬೇಕಾಗಿದ್ದುದು ಆ ಕಡೆಯೋ ಏನೋ ಎಂದು ಕೊರಗುತ್ತಾನೆ. ಈ ಗುಂಪಿನಲ್ಲಿ ತನ್ನನ್ನು ತಾನು ಹೀಗೆ ಪ್ರಶ್ನಿಸಿಕೊಂಡವನು ಇವನೊಬ್ಬನೇ. ಬೆಳೆದು ದೊಡ್ಡವನಾಗುವುದೆಂದರೆ ಇದಲ್ಲವೆ?

ಆ ಜೂನ್ ದಿನಗಳಲ್ಲಿ ಫ್ರೆಡೆರಿಕ್ ಇದ್ದದ್ದು ಫೊಂತೆನ್‌ಬ್ಲೋ ಕಾಡಿನಲ್ಲಿ, ರೊಸಾನೆತಳೊಡನೆ ವಿಹಾರದಲ್ಲಿ. ಆಕೆ ಅಲ್ಲಿ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾಳೆ: ಲಿಯೋಂ ನಗರದ ರೇಷ್ಮೆ ನೇಯುವವರ ಮಗಳು, ಹೆತ್ತ ತಾಯಿಯೇ ಮಾರಿದಳು. ಫ್ರೆಡೆರಿಕನಿಗೆ ಒಂದು ಗಳಿಗೆ ಕನಿಕರ, ಅಷ್ಟೆ. ಗೆಳೆಯರ ಭಾವಶಿಕ್ಷಣಕ್ಕೆ ಶುಲ್ಕ ತೆತ್ತವರು ಬಹುಮಟ್ಟಿಗೆ ಹೆಂಗಸರು ಎಂಬುದನ್ನು ಲೇಖಕ ಬಾಯಿಬಿಟ್ಟು ಹೇಳದಿದ್ದರೂ ಮರೆಮಾಡಿಲ್ಲ. ಆದರೆ ಗಾಯಗೊಂಡವರ ಪಟ್ಟಿಯಲ್ಲಿ ದ್ಯುಸಾರ್ದಿಯೇಯ ಹೆಸರು ಕಂಡ ಕೂಡಲೆ ಫ್ರೆಡೆರಿಕ್, ಅವಳು ಎಷ್ಟು ತಡೆದರೂ ಕೇಳದೆ, ಗುಂಡು ಹಾರುತ್ತಿದ್ದ ಪ್ಯಾರಿಸಿಗೆ ಹೊರಡುತ್ತಾನೆ. ಅವನ ಜೀವಮಾನದಲ್ಲಿ ಹಿಂದುಮುಂದು ನೋಡದೆ ಮಾಡಿದ ಒಳ್ಳೆಯ ಕೆಲಸ ಇದೊಂದೇ ಇದ್ದೀತು. ಅದು ಪ್ರೇಮಕ್ಕಾಗಿ ಮಾಡಿದ್ದಲ್ಲ.

ಕೆಲಕಾಲದ ಮೇಲೆ ರೊಸಾನೆತಳ ಮೇಲೆ ಸಾಲದ ದಾವೆ ಬಿದ್ದಾಗ, ಈ ಗುಮಾಸ್ತ ತನ್ನ ಉಳಿತಾಯವಾದ ನಾಲ್ಕು ಸಾವಿರ ಫ್ರಾಂಕುಗಳನ್ನು ತಂದು ಫ್ರೆಡೆರಿಕನ ಮುಂದಿಡುತ್ತಾನೆ. ಇಪ್ಪತ್ತೇಳು ಸಾವಿರ ವರಮಾನದವನು ಕೊಡದೆ ಹೋದ ಹದಿನೈದು ಸಾವಿರವನ್ನೂ ಅಂಗಡಿಯ ಸಂಬಳದವನು ಕೇಳದೆ ತಂದ ಈ ನಾಲ್ಕು ಸಾವಿರವನ್ನೂ ಫ್ಲೋಬೇರ್ ಒಂದರ ಪಕ್ಕದಲ್ಲೊಂದು ಇಟ್ಟು ತೋರಿಸುವುದಿಲ್ಲ. ನಡುವೆ ಇನ್ನೂರಕ್ಕೂ ಹೆಚ್ಚು ಪುಟಗಳಿವೆ. ಕೂಡಿಸಿ ನೋಡುವ ಕೆಲಸ ವಾಚಕನದು.

1851ರ ಡಿಸೆಂಬರ್. ಲೂಯಿ ನೆಪೋಲಿಯನ್ ಗಣರಾಜ್ಯವನ್ನು ಮುಗಿಸಿದ್ದಾನೆ. ಪ್ಯಾರಿಸಿನ ಬೀದಿಯಲ್ಲಿ ಪೋಲೀಸಿನವರು ಗುಂಪನ್ನು ಚದರಿಸುತ್ತಿದ್ದಾಗ ಒಬ್ಬನು ಮಾತ್ರ ಅಲುಗದೆ ನಿಂತು ಗಣರಾಜ್ಯಕ್ಕೆ ಜಯಕಾರ ಹಾಕುತ್ತಾನೆ. ಅವನು ದ್ಯುಸಾರ್ದಿಯೇ. ಕತ್ತಿಯಿಂದ ಅವನನ್ನು ತಿವಿದು ಕೆಡವಿದ ಪೋಲೀಸಿನವನ ಮುಖ ನೋಡಿದರೆ, ಅದು ಸೆನೆಕಾಲ್! ಸಮಾಜವಾದದ ಸೂತ್ರಗಳನ್ನು ಒಪ್ಪಿಸುತ್ತಿದ್ದ ಅದೇ ಮೇಷ್ಟ್ರು. ಇದು ಕಾಕತಾಳೀಯ, ನಂಬಲು ಕಷ್ಟ ಎನ್ನುವವರಿದ್ದಾರೆ. ಆದರೆ ಇದೇ ಸೆನೆಕಾಲ್ ಹಿಂದೆ ಆರ್ನೂವಿನ ಪಿಂಗಾಣಿ ಕಾರ್ಖಾನೆಯ ಮೇಲ್ವಿಚಾರಕನಾಗಿ ಕೂಲಿ ಹೆಂಗಸಿಗೆ ನಿರ್ದಾಕ್ಷಿಣ್ಯವಾಗಿ ದಂಡ ಹಾಕಿದ್ದನ್ನು ನೆನೆದವರಿಗೆ ಆಶ್ಚರ್ಯವಾಗದು. ಅವನು ಎಂದೂ ಮನುಷ್ಯರಿಗೆ ಮಾತು ಕೊಟ್ಟವನಲ್ಲ, ಸೂತ್ರಕ್ಕೆ ಕೊಟ್ಟವನು. ಸೂತ್ರ ಯಜಮಾನನನ್ನು ಬದಲಾಯಿಸಿತು, ಅವನೂ ಬದಲಾಯಿಸಿದ.

ಈ ಕೊಲೆಯ ಅನಂತರ ಅಧ್ಯಾಯ ಮುರಿದು, ಫ್ರೆಡೆರಿಕ್ ಪ್ರವಾಸ ಹೋದನೆಂಬ ಪುಟ್ಟ ವಾಕ್ಯದಿಂದ ಹದಿನೈದು ವರ್ಷಗಳು ಹಾರಿಹೋಗುತ್ತವೆ. ಈ ಬಿಳಿಯ ಜಾಗವೇ ಗ್ರಂಥದ ಅತ್ಯುತ್ತಮ ಭಾಗವೆಂದು ಪ್ರೂಸ್ತ್ 1920ರ ಪ್ರಬಂಧವೊಂದರಲ್ಲಿ ಕೊಂಡಾಡಿದ. 1867ರ ಮಾರ್ಚಿಯಲ್ಲಿ ಮದಾಂ ಆರ್ನೂ ಅವನ ಮನೆಗೆ ಬರುತ್ತಾಳೆ. ಟೋಪಿ ತೆಗೆದಾಗ ದೀಪದ ಬೆಳಕಿನಲ್ಲಿ ನರೆತ ಕೂದಲು ಕಾಣುತ್ತದೆ. ಅವನು ಎದೆ ಕಲಕಿದರೂ ಹಳೆಯ ಮಾತುಗಳನ್ನೇ ಆಡುತ್ತಾನೆ. ಆಕೆ ತನ್ನನ್ನು ಒಪ್ಪಿಸಿಕೊಳ್ಳಲು ಬಂದಿರಬಹುದೇ ಎಂಬ ಶಂಕೆಯಿಂದ ಹಿಂಜರಿಯುತ್ತಾನೆ. ಆಕೆ ಒಂದು ಹಿಡಿ ಕೂದಲು ಕತ್ತರಿಸಿಕೊಟ್ಟು ಹೊರಟುಹೋಗುತ್ತಾಳೆ. ಸಹೃದಯರು ಈ ಪುಟಗಳಿಗಾಗಿ ಇಡೀ ಗ್ರಂಥವನ್ನು ಮೆಚ್ಚುತ್ತಾರೆ, ಮೆಚ್ಚತಕ್ಕದ್ದೇ.

ಆದರೆ ಮುಕ್ತಾಯ ಅದಲ್ಲ. ಒಂದು ಚಳಿಗಾಲದ ಸಂಜೆ ಫ್ರೆಡೆರಿಕ್ ಮತ್ತು ದೆಲೋರಿಯೇ ಬೆಂಕಿಯ ಬಳಿ ಕುಳಿತಿದ್ದಾರೆ. ಲೂಯಿಸ್ ಸಂಗೀತಗಾರನೊಬ್ಬನ ಜೊತೆ ಓಡಿಹೋದಳು; ದೆಲೋರಿಯೇ ಏನೇನೋ ಉದ್ಯೋಗ ಹಿಡಿದು, ಬಿಟ್ಟು, ಈಗ ಒಂದು ಕಂಪೆನಿಯ ಕಾನೂನು ವಿಭಾಗದಲ್ಲಿದ್ದಾನೆ. ಒಬ್ಬನು ಬಯಸಿದ್ದು ಪ್ರೇಮ, ಇನ್ನೊಬ್ಬನು ಬಯಸಿದ್ದು ಅಧಿಕಾರ, ಇಬ್ಬರಿಗೂ ದಕ್ಕಲಿಲ್ಲ. ಗೆಳೆಯರ ಸಮಾಚಾರ ಬರುತ್ತದೆ. ಮಾರ್ತಿನೋಂ ಸೆನೆಟಿನ ಸದಸ್ಯ. ಉಸೊನೆ ದೊಡ್ಡ ಹುದ್ದೆಯಲ್ಲಿದ್ದಾನೆ, ಪತ್ರಿಕೆಗಳೂ ನಾಟಕಶಾಲೆಗಳೂ ಅವನ ಅಂಕೆಯಲ್ಲಿ. ಪೆಲ್ಲೆರಿನ್ ಕುಂಚ ಬಿಟ್ಟು ಫೋಟೋ ತೆಗೆಯುತ್ತಾನೆ. ಸೆನೆಕಾಲ್ ಎಲ್ಲಿದ್ದಾನೋ ತಿಳಿಯದು. ಆಮೇಲೆ ಹುಡುಗರಾಗಿದ್ದಾಗ, 1837ರಲ್ಲಿ, ಕೈಯಲ್ಲಿ ಹೂಗೊಂಚಲು ಹಿಡಿದು ಊರಿನ ಸೂಳೆಮನೆಯ ಬಾಗಿಲಿಗೆ ಹೋಗಿ, ಹೆಂಗಸರು ನಕ್ಕದ್ದಕ್ಕೆ ಬೆದರಿ ಫ್ರೆಡೆರಿಕ್ ಓಡಿದ್ದು, ದುಡ್ಡು ಅವನ ಬಳಿಯಿದ್ದುದರಿಂದ ದೆಲೋರಿಯೇಯೂ ಹಿಂದೆ ಓಡಬೇಕಾದದ್ದು ನೆನಪಾಗುತ್ತದೆ. ತಮ್ಮ ಬಾಳಿನಲ್ಲಿ ಅದೇ ಅತ್ಯಂತ ಒಳ್ಳೆಯ ದಿನವೆಂದು ಇಬ್ಬರೂ ಒಪ್ಪುತ್ತಾರೆ.

ಈ ಮುಕ್ತಾಯವನ್ನು ಕೆಲವರು ಸಿನಿಕತನವೆಂದರು, ಕೆಲವರು ನಿರ್ಮಲ ಬಾಲ್ಯದ ಸ್ಮರಣೆಯೆಂದರು. ಇಬ್ಬರೂ ಗೆಳೆಯರು ಏನನ್ನು ನೆನೆದರೆಂಬುದನ್ನಷ್ಟೇ ನೋಡಿದ್ದಾರೆ. ಸೆನೆಟರನ ಹೆಸರು ಬಂತು, ಫೋಟೋದವನ ಹೆಸರು ಬಂತು, ಕೊಂದವನ ಹೆಸರೂ ಬಂತು. ಆ ಸಂಜೆಯ ಮಾತಿನಲ್ಲಿ ದ್ಯುಸಾರ್ದಿಯೇಯ ಹೆಸರು ಒಮ್ಮೆಯೂ ಬರುವುದಿಲ್ಲ.