ನಗಿಸಿದವನಿಗೆ ‘ಪಾಪ’ ಎನ್ನುವ ಮುನ್ನ

ಬೋರ್ಡುಗಳಲ್ಲಿ ಪುಲಿಕೇಶಿನಗರವಾಗಿದ್ದರೂ ಜನರ ಬಾಯಲ್ಲಿ ಇನ್ನೂ ಫ್ರೇಜರ್ ಟೌನ್ ಆಗಿಯೇ ಉಳಿದಿರುವ ನಮ್ಮ ಬಡಾವಣೆಯಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷು ಎಲ್ಲವೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಇಲ್ಲಿನ ತಮಿಳು ಕ್ರೈಸ್ತರ ಮನೆಗಳಲ್ಲಿ ಹಳೆಯ ಸಿನಿಮಾ ಹಾಡಿನ ಮಾತು ಬಂದರೆ ಚಂದ್ರಬಾಬು ಹೆಸರು ಬಂದೇ ಬರುತ್ತದೆ. ಹೆಸರಿನ ಹಿಂದೆಯೇ ಒಂದು ನಿಟ್ಟುಸಿರು: “ಪಾಪ, ಎಲ್ಲರನ್ನೂ ನಗಿಸಿದ, ತಾನು ಮಾತ್ರ ಅಳುತ್ತಲೇ ಹೋದ.” ಈ ‘ಪಾಪ’ ಎಂಬ ಮಾತಿನ ಮೇಲೆ ನನ್ನದೊಂದು ತಕರಾರಿದೆ.

ಜೋಸೆಫ್ ಪನಿಮಯದಾಸ್ ಚಂದ್ರಬಾಬು ಹುಟ್ಟಿದ್ದು 1927ರ ಆಗಸ್ಟ್ 5ರಂದು, ತೂತ್ತುಕುಡಿಯಲ್ಲಿ. ಆಗಸ್ಟ್ 5 ಎಂದರೆ ಆ ಊರಿನ ಪನಿಮಯ ಮಾತೆಯ ಹಬ್ಬ. ಹೆಸರಿನಲ್ಲಿರುವ ‘ಪನಿಮಯದಾಸ್’ ಎಂದರೆ ಆ ಮಾತೆಯ ದಾಸ. ತಂದೆ ಸ್ವಾತಂತ್ರ್ಯ ಹೋರಾಟಗಾರರು. ಬಾಲ್ಯ ಕಳೆದದ್ದು ಕೊಲಂಬೊದಲ್ಲಿ; 1943ರಲ್ಲಿ ಕುಟುಂಬ ಮದ್ರಾಸಿಗೆ ಬಂತು. 1947ರ ‘ಧನ ಅಮರಾವತಿ’ ಅವರ ಮೊದಲ ಚಿತ್ರ. ಆಮೇಲೆ ಅವಕಾಶಕ್ಕಾಗಿ ಅಲೆದಾಟ. 1952ರಲ್ಲಿ ಜೆಮಿನಿ ಸ್ಟುಡಿಯೋದಲ್ಲಿ ಯಾರೂ ಮಾತಿಗೆ ಸಿಗದಾಗ ಪ್ರಾಣ ಕಳೆದುಕೊಳ್ಳಲು ಹೊರಟರು, ಪುಣ್ಯಕ್ಕೆ ಉಳಿದುಕೊಂಡರು. ಅದೇ ವರ್ಷ ಅದೇ ಜೆಮಿನಿಯ ‘ಮೂನ್ರು ಪಿಳ್ಳೈಗಳ್’ ಚಿತ್ರದಲ್ಲಿ ಪಾತ್ರ ಸಿಕ್ಕಿತು. 1974ರ ಮಾರ್ಚ್ 8ರಂದು ತೀರಿಕೊಂಡಾಗ ಅವರಿಗಿನ್ನೂ 46 ವರ್ಷ. ಸೋತ ಮದುವೆ, ಕುಡಿತ, ಕರಗಿದ ಹಣ ಇವನ್ನೆಲ್ಲ ಸೇರಿಸಿ ಹೇಳುವ ಕಥೆ ಕೇಳಿದವರ ಕಣ್ಣು ಒದ್ದೆಯಾಗದೆ ಇರದು. ಆದರೆ ಕಥೆ ಮುಗಿದಾಗ ನೋಡಿದರೆ ಅದರಲ್ಲಿ ಹಾಡೇ ಇಲ್ಲ!

ನಟನೊಬ್ಬ ತುಟಿ ಆಡಿಸುವುದು, ಗಾಯಕನೊಬ್ಬ ದನಿ ಕೊಡುವುದು ರೂಢಿಯಾಗಿದ್ದ ಕಾಲದಲ್ಲಿ ಈ ಹಾಸ್ಯನಟ ತನ್ನ ಹಾಡನ್ನು ತಾನೇ ಹಾಡಿದರು, ತಾನೇ ಕುಣಿದರು. 1957ರ ‘ಪುದೈಯಲ್’, 1962ರ ‘ಅನ್ನೈ’ ಚಿತ್ರಗಳ ಅವರ ಹಾಡುಗಳನ್ನು ಇಂದಿಗೂ ಜನ ಕೇಳುತ್ತಾರೆ. ಅವರ ವಿಶೇಷವೆಂದರೆ ಯೋಡ್ಲಿಂಗ್. ಎದೆಯ ದನಿಯಲ್ಲಿ ಹಾಡುತ್ತಿರುವವರು ಥಟ್ಟನೆ ಮೇಲಿನ ತೆಳು ದನಿಗೆ ಜಿಗಿದು ಮತ್ತೆ ಕೆಳಗಿಳಿಯುವ ಈ ವಿದ್ಯೆ ಆಲ್ಪ್ಸ್ ಪರ್ವತದ ದನಗಾಹಿಗಳದ್ದು. ಹಿಂದಿಯಲ್ಲಿ ಕಿಶೋರ್ ಕುಮಾರ್ ಬಾಯಲ್ಲಿ ನಾವೆಲ್ಲ ಕೇಳಿದ್ದೇವೆ. ಜಿಗಿಯುವುದಕ್ಕಿಂತ ಶ್ರುತಿ ತಪ್ಪದೆ ಇಳಿಯುವುದೇ ಕಷ್ಟ. ಇಂಥದ್ದು ದುಃಖದಿಂದ ಒಲಿಯುವುದಿಲ್ಲ, ಅಭ್ಯಾಸದಿಂದ ಒಲಿಯುತ್ತದೆ.

ನಟನೆಯೂ ಹಾಗೆಯೇ. ಕೋಲಾರದ ಕಡೆಯ ನಮ್ಮ ಬಿ.ಆರ್. ಪಂತುಲು ನಿರ್ದೇಶಿಸಿದ ‘ಸಬಾಷ್ ಮೀನಾ’ (1958) ಚಿತ್ರದಲ್ಲಿ ಶಿವಾಜಿ ಗಣೇಶನ್ ಜೊತೆಗೆ ಚಂದ್ರಬಾಬು ಎರಡು ಪಾತ್ರ ಮಾಡಿದ್ದಾರೆ. ನಮ್ಮ ಬಿ. ಸರೋಜಾದೇವಿಯೂ ಅದರಲ್ಲಿದ್ದಾರೆ. ಎರಡು ಪಾತ್ರಗಳಲ್ಲಿ ಒಬ್ಬ ರಿಕ್ಷಾ ಎಳೆಯುವವನು, ಅವನ ಬಾಯಲ್ಲಿ ಮದ್ರಾಸಿನ ಬೀದಿಯ ತಮಿಳು. ಮುಖ ಒಂದೇ ಆದರೂ ನಡಿಗೆ, ಭುಜ, ಮಾತು ಎಲ್ಲ ಬೇರೆ. ಪಂತುಲು ಇದನ್ನೇ 1962ರಲ್ಲಿ ಹಿಂದಿಯಲ್ಲಿ ‘ದಿಲ್ ತೇರಾ ದೀವಾನಾ’ ಎಂದು ತೆಗೆದಾಗ ಚಂದ್ರಬಾಬು ಮಾಡಿದ್ದ ಪಾತ್ರವನ್ನು ಮೆಹಮೂದ್ ಮಾಡಿದರು. ಅದಕ್ಕೆ ಫಿಲಂಫೇರ್ ಪ್ರಶಸ್ತಿಯೂ ಬಂತು.

ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ನಾಯಕನಾಗಿ ನಟಿಸಿದ ‘ಕವಲೈ ಇಲ್ಲಾದ ಮನಿದನ್’ (1960) ಚಿತ್ರ, ಅದನ್ನು ನಿರ್ಮಿಸಿದ ಕವಿ ಕಣ್ಣದಾಸನ್ ಅವರಿಗೆ ನಷ್ಟವನ್ನೇ ತಂದಿತು. ಅವರ ಹಾಸ್ಯಕ್ಕೆ ಪಕ್ಕದಲ್ಲಿ ಗಂಭೀರವಾಗಿ ನಿಲ್ಲುವ ಇನ್ನೊಬ್ಬರು ಬೇಕು. ಶಿವಾಜಿಯಂಥವರು ಎದುರಿಗಿದ್ದಾಗ ಹೊಳೆಯುವ ತುಂಟತನ ಒಂಟಿಯಾದಾಗ ಮಂಕಾಗುತ್ತದೆ ಎಂಬುದು ನನ್ನ ಅನಿಸಿಕೆ. ಕಲಾವಿದನಿಗೆ ಕೊಡಬೇಕಾದ ಮರ್ಯಾದೆ ಎಂದರೆ ಇಂಥ ವಿಚಾರಣೆಯೇ. ಕನಿಕರ ತೋರಿಸಿದರೆ ಆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ಕನಿಕರದ ಕಥೆಯಿಂದ ಇನ್ನೊಬ್ಬರಿಗೂ ಅನ್ಯಾಯವಾಗಿದೆ. ಮದುವೆಯಾದ ಮೇಲೆ ಹೆಂಡತಿ ತಾನು ಬೇರೊಬ್ಬರನ್ನು ಪ್ರೀತಿಸಿದ್ದನ್ನು ತಿಳಿಸಿದಾಗ ಚಂದ್ರಬಾಬು ಆಕೆಯನ್ನು ತಡೆಯದೆ ಕಳಿಸಿಕೊಟ್ಟರಂತೆ. ‘ಎಂಥ ದೊಡ್ಡ ಮನಸ್ಸು!’ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ 1950ರ ದಶಕದಲ್ಲಿ ಒಬ್ಬ ಹೆಂಗಸು ಹೊಸ ಗಂಡನ ಎದುರು ಕುಳಿತು ನಿಜ ಹೇಳಬೇಕಾದರೆ ಎಷ್ಟು ಗುಂಡಿಗೆ ಬೇಕಿತ್ತು? ಕಥೆಯಲ್ಲಿ ಆಕೆ ಅವರ ದುಃಖಕ್ಕೊಂದು ಕಾರಣವಷ್ಟೇ. ಆಕೆಯ ಮನಸ್ಸಿನ ಮಾತು ಯಾರಿಗೂ ಬೇಕಾಗಿಲ್ಲ. ಗಂಡಸಿನ ದುಃಖವನ್ನು ದೊಡ್ಡದು ಮಾಡುವಾಗ ಹೆಣ್ಣಿನ ಧೈರ್ಯ ಚಿಕ್ಕದಾಗುವುದನ್ನು ನಾವು ಹೆಂಗಸರಾದರೂ ಗಮನಿಸಬೇಡವೇ?

1966ರಲ್ಲಿ ಚಂದ್ರಬಾಬು ತಾವೇ ಒಂದು ಚಿತ್ರ ನಿರ್ದೇಶಿಸಿದರು. ಸಾವಿತ್ರಿಯೂ ಅದರಲ್ಲಿ ನಟಿಸಿದರು. ಹೆಸರು ‘ತಟ್ಟುಂಗಳ್ ತಿರಕ್ಕಪ್ಪಡುಂ’, ತಟ್ಟಿದರೆ ತೆರೆಯುವುದು ಎಂಬ ಬೈಬಲ್ಲಿನ ಮಾತು. ಚಿತ್ರ ಗೆಲ್ಲಲಿಲ್ಲ. ಆದರೂ ಎಷ್ಟೋ ಬಾಗಿಲುಗಳ ಮುಂದೆ ಕಾದು ನಿಂತಿದ್ದವರು ತಮ್ಮ ಚಿತ್ರಕ್ಕೆ ಈ ಹೆಸರನ್ನೇ ಆರಿಸಿಕೊಂಡರಲ್ಲ, ಅದರಲ್ಲಿ ಅಳು ಕಾಣುವುದಿಲ್ಲ, ಹಟ ಕಾಣುತ್ತದೆ.

ಮನೆಯಲ್ಲಿ ಮಕ್ಕಳಿಗೆ ಚಂದ್ರಬಾಬು ಪರಿಚಯ ಮಾಡಿಸುವುದಾದರೆ ಕಣ್ಣೀರಿನ ಕಥೆ ಆಮೇಲಿರಲಿ. ಮೊದಲು ‘ಅನ್ನೈ’ ಚಿತ್ರದ ಹಾಡು ಕೇಳಿಸಿ. ಬುದ್ಧಿಗೂ ಗೆಲುವಿಗೂ ನಂಟಿದೆಯೇ ಎಂದು ವಿಚಾರಿಸುವ ಆ ಹಾಡಿನಲ್ಲಿ ತತ್ವವಿದೆ, ಆದರೆ ಗೊಣಗಾಟವಿಲ್ಲ. ತಮಿಳು ಬಾರದ ಮಕ್ಕಳಿಗೂ ಆ ದನಿಯ ಲವಲವಿಕೆ ತಿಳಿಯುತ್ತದೆ. ಅವರು ನಕ್ಕರೆ ನಗಲಿ. ಚಂದ್ರಬಾಬು ದುಡಿದದ್ದು ಆ ನಗುವಿಗಾಗಿಯೇ.