ಈ ದನಿ ಯಾರದ್ದು ಸ್ವಾಮಿ?

ಚುನಾವಣೆ ಬಂತು ಅಂತ ಶಿವಾಜಿನಗರಕ್ಕೆ ಮೊದಲು ಗೊತ್ತಾಗೋದು ಕಿವಿಯಿಂದ. ರಸೆಲ್ ಮಾರ್ಕೆಟ್ ಸುತ್ತಮುತ್ತ, ತಲೆ ಮೇಲೆ ಸ್ಪೀಕರ್ ಕಟ್ಟಿಕೊಂಡ ಆಟೋಗಳು ತೆವಳುತ್ತವೆ. ಒಂದೇ ಭರವಸೆ ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ. ಮೂರನ್ನೂ ಸಾಲಾಗಿ ಕೇಳಿ ನೋಡಿ. ಉರ್ದು, ತಮಿಳು ದನಿಗಳು ಪಕ್ಕದ ಬೀದಿಯವು ಅನ್ಸುತ್ತೆ. ಕನ್ನಡದ್ದು ಮಾತ್ರ ಸಿನಿಮಾ ಟ್ರೇಲರ್‌ನಿಂದ ಇಳಿದು ಬಂದಿರುತ್ತೆ.

2018ರಲ್ಲಿ 'ಕೆಜಿಎಫ್' ಕಥೆಯನ್ನು ಅನಂತನಾಗ್ ಹೇಳಿದಾಗ ಅದು ಕೆಲಸ ಮಾಡಿತು. ಕಾರಣ ಬರೀ ಗಂಟಲಲ್ಲ. ಅಲ್ಲಿ ಒಬ್ಬ ವಯಸ್ಸಾದ ಮನುಷ್ಯ ತಾನು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳ್ತಿದ್ದ. ಪ್ರಚಾರದ ಜಾಹೀರಾತುಗಳು ಆ ಭಾರವನ್ನಷ್ಟೇ ಎತ್ತಿಕೊಂಡಿವೆ, ಹೇಳುವವನನ್ನು ಬಿಟ್ಟಿವೆ. ಚರಂಡಿ ರಿಪೇರಿಗೂ ಗುಡುಗು, ನಲ್ಲಿ ನೀರಿಗೂ ಗುಡುಗು.

ಗುಡುಗಾದರೂ ನಗಿಸುತ್ತೆ. ನನಗೆ ಕಿರಿಕಿರಿ ಆಗೋದು ಇನ್ನೊಂದು ದನಿಯಿಂದ: 'ಬಡ ಹೆಂಗಸಿನ' ದನಿ. 2023ರ ಮೇ 10ರ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ಉಚಿತ ಕರೆಂಟ್, ಗ್ಯಾಸ್ ಸಿಲಿಂಡರ್ ಬೆಲೆ. ಇಡೀ ಚರ್ಚೆ ನಿಂತಿದ್ದೇ ಅಡುಗೆಮನೆಯ ಲೆಕ್ಕದ ಮೇಲೆ. ಅಲ್ಲಿಂದೀಚೆಗೆ ಎಲ್ಲ ಪಕ್ಷಕ್ಕೂ ಒಬ್ಬ ಅಕ್ಕ ಬೇಕು. ಒಬ್ಬಳು 'ನನಗೆ ಬಂತು' ಅಂತಾಳೆ, ಇನ್ನೊಬ್ಬಳು 'ನನಗೆ ಮೋಸ ಆಯ್ತು' ಅಂತಾಳೆ. ಬಿಕ್ಕಳಿಕೆ ಮಾತ್ರ ಅದೇ.

ಮಸಾಲೆ ಪುಡಿ ಜಾಹೀರಾತಲ್ಲೂ ನಟನೆಯೇ ಅಲ್ವಾ ಅಂತೀರಿ. ಹೌದು, ಆದರೆ ಅಲ್ಲಿ ಯಾರೂ ಸಾಕ್ಷಿ ಹೇಳ್ತಿಲ್ಲ. ಇಲ್ಲಿ ಹೇಳ್ತಿದ್ದಾರೆ. ಅದೂ ಕೆಟ್ಟ ನಟನೆ: ಲೆಕ್ಕ ಬರೋ ಮೊದಲೇ ಅಳು ಬರುತ್ತೆ. ರೇಷನ್ ಅಂಗಡಿ ಕ್ಯೂನಲ್ಲಿ ನಿಂತ ಹೆಂಗಸರು ಹೀಗೆ ಮಾತಾಡಲ್ಲ. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಒಣ ದನಿಯಲ್ಲಿ ಹೇಳಿ, ನಡುವೆ ಒಂದು ಕುಹಕ ಸೇರಿಸಿ ಮುಂದೆ ಹೋಗ್ತಾರೆ. ಕಲಾವಿದೆಯನ್ನು ನಾನು ದೂರಲ್ಲ. ಕೈಗೆ ಸ್ಕ್ರಿಪ್ಟ್ ಕೊಟ್ಟು 'ಮೇಡಂ, ಸ್ವಲ್ಪ ಎಮೋಷನ್' ಅಂದರೆ ಇನ್ನೇನು ಬರುತ್ತೆ?

ಈ ಅಕ್ಕನಿಗೆ ಊರೂ ಇಲ್ಲ. ಮನೆಯಲ್ಲಿ ದಖನಿಯೋ ತಮಿಳೋ ಆಡಿ, ಅಂಗಡಿಯಲ್ಲಿ ಕನ್ನಡ ಆಡುವವರು ಶಿವಾಜಿನಗರದ ತುಂಬ ಇದ್ದಾರೆ. ಆ ಕನ್ನಡ ನಮ್ಮ ಸಿನಿಮಾದಲ್ಲಿ ಕೇಳಿದ್ದು ಹೆಚ್ಚಾಗಿ ಕಾಮಿಡಿಗೆ. ಜಾಹೀರಾತಲ್ಲಿ ಅವರಿಗೆ ಉರ್ದು, ತಮಿಳು ಆವೃತ್ತಿ ಬೇರೆ ಇದೆಯಲ್ಲ, ಮುಗೀತು. ಅವರ ವೋಟು ಕೇಳೋ ಪಕ್ಷಕ್ಕೆ ಅವರ ಕನ್ನಡ ಬೇಡ. ದಿನವಿಡೀ ಆ ಕನ್ನಡದಲ್ಲೇ ವ್ಯಾಪಾರ ಮಾಡುವವರಿಗೆ 'ಕನ್ನಡಿಗರು' ಅಂದರೆ ಬೇರೆ ಯಾರೋ ಅಂತ ಆಟೋ ಹೇಳ್ತಾ ಹೋಗುತ್ತೆ.

ಕಾನೂನಿನಲ್ಲೂ ಒಂದು ತಮಾಷೆ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ, ಚುನಾವಣಾ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಟಿವಿ, ರೇಡಿಯೊ ಜಾಹೀರಾತು ಪ್ರಸಾರಕ್ಕೆ ಮೊದಲೇ ಸರ್ಟಿಫಿಕೇಟ್ ಪಡೆಯಬೇಕು. 2024ರ ಮೇನಲ್ಲಿ ಚುನಾವಣಾ ಆಯೋಗ, ಡೀಪ್‌ಫೇಕ್ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೀರಿ ಅಂತ ಪಕ್ಷಗಳಿಗೆ ಹೇಳಿತು. 2025ರ ಜನವರಿಯಲ್ಲಿ, ಎಐ ಬಳಸಿದ್ದರೆ ಲೇಬಲ್ ಹಾಕಿ ಅಂದಿತು. ಅಂದರೆ ಯಂತ್ರ ಅತ್ತರೆ ಲೇಬಲ್ ಬೇಕು. ದುಡ್ಡು ಕೊಟ್ಟು ಮನುಷ್ಯರ ಹತ್ತಿರ ಅಳಿಸಿದರೆ ಬೇಡ.

ದನಿ ಕೊಟ್ಟವರ ಹೆಸರು ಹಾಕಿ ಅಂತ ನಾನು ಕೇಳ್ತಿಲ್ಲ. ಇವತ್ತು ಈ ಪಕ್ಷ, ನಾಳೆ ಆ ಪಕ್ಷ, ಅದು ಅವರ ಹೊಟ್ಟೆಪಾಡು. ಹೆಸರು ಹೊರಗೆ ಬಂದರೆ ಟ್ರೋಲ್ ಮಾಡೋಕೆ ಜನ ಕಾಯ್ತಿರ್ತಾರೆ. ಅಕ್ಕ ಅಳೋಕೆ ಶುರು ಮಾಡೋ ಮುಂಚೆ 'ಈ ಪಾತ್ರಕ್ಕೆ ಕಲಾವಿದರು ದನಿ ನೀಡಿದ್ದಾರೆ' ಅಂತ ಒಂದು ಸಾಲು ಹೇಳಿಸಿ. ಬೇಕಿದ್ದರೆ ಅದನ್ನು ಆ ಗುಡುಗು ದನಿಯವರ ಹತ್ತಿರವೇ ಹೇಳಿಸಿ.