ಕನ್ನಡ ಭಾರತಗಳಲ್ಲಿ ದ್ರೌಪದಿಯ ಪ್ರಶ್ನೆ

ಕಾವ್ಯದ ಸ್ತ್ರೀಪಾತ್ರವನ್ನು ನಿರೂಪಿಸ ಹೊರಟ ಆಲಂಕಾರಿಕರು ಮೊಟ್ಟಮೊದಲು ಕೇಳುವುದು ಅವಳು ಯಾರವಳು ಎಂಬುದನ್ನು. ಧನಂಜಯನ ದಶರೂಪಕದಲ್ಲಿ ನಾಯಿಕೆಯು ಸ್ವೀಯೆ, ಅನ್ಯೆ, ಸಾಧಾರಣಸ್ತ್ರೀ ಎಂದು ಮೂರು ತೆರನಾಗಿರುವಳು. ಸ್ವೀಯೆಯಲ್ಲಿ ಮತ್ತೆ ಮುಗ್ಧೆ, ಮಧ್ಯೆ, ಪ್ರಗಲ್ಭೆಯರೆಂಬ ಭೇದ. ಅವಸ್ಥೆಯನ್ನನುಸರಿಸಿ ಸ್ವಾಧೀನಪತಿಕೆ, ಖಂಡಿತೆ, ಕಲಹಾಂತರಿತೆ ಮೊದಲಾಗಿ ಎಂಟು ಬಗೆ. ಕನ್ನಡದಲ್ಲಿ ಕವಿಕಾಮನ ಶೃಂಗಾರರತ್ನಾಕರ, ಸಾಳ್ವನ ರಸರತ್ನಾಕರಗಳೂ ಈ ಸಂಪ್ರದಾಯಕ್ಕೇ ಸೇರಿದುವು. ಈ ವಿಭಾಗವು ಶೃಂಗಾರರಸದ ನಿರೂಪಣೆಗಾಗಿ ಹುಟ್ಟಿದುದು. ಅದರ ಕ್ಷೇತ್ರದೊಳಗೆ ಅದು ಸಮಂಜಸವೇ ಆಗಿದೆ. ಆದರೆ ನಾಯಕನಿಗೂ ನಾಯಿಕೆಗೂ ಇರುವ ಸಂಬಂಧವೊಂದನ್ನೇ ಅಳತೆಗೋಲಾಗಿ ಹಿಡಿದು ಮಹಾಕಾವ್ಯದ ಸ್ತ್ರೀಯರನ್ನು ಅಳೆಯ ಹೊರಟರೆ ಕೋಲು ಗಿಡ್ಡದಾಗುತ್ತದೆ. ದ್ರೌಪದಿಯು ಇದಕ್ಕೆ ಮೊದಲ ಸಾಕ್ಷಿ. ಐವರಿಗೆ ಸ್ವೀಯೆಯಾದವಳು ಸಭೆಯಲ್ಲಿ ಒಬ್ಬನಿಗೂ ಸ್ವೀಯೆಯಾಗದೆ ಹೋದ ಹೊತ್ತಿನಲ್ಲಿ ಅವಳು ಯಾವ ಭೇದಕ್ಕೆ ಸೇರುವಳೆಂದು ಲಕ್ಷಣಕಾರರು ಹೇಳಿಲ್ಲ. ಹೇಳುವುದು ಅವರ ಕೆಲಸವೂ ಆಗಿರಲಿಲ್ಲ.

ವ್ಯಾಸಭಾರತದ ಸಭಾಪರ್ವದಲ್ಲಿ ಅವಳ ಹಿರಿಮೆಯೆಲ್ಲ ಒಂದು ಪ್ರಶ್ನೆಯಲ್ಲಿದೆ. ಕರೆಯಲು ಬಂದ ಪ್ರಾತಿಕಾಮಿಯನ್ನು ಅವಳು ಹಿಂದಕ್ಕೆ ಕಳುಹಿಸುವಳು: ಅರಸನು ಮೊದಲು ಸೋತುದು ತನ್ನನ್ನೋ, ತನ್ನ ಹೆಂಡತಿಯನ್ನೋ, ಕೇಳಿಕೊಂಡು ಬಾ ಎಂದು. ತನ್ನನ್ನು ತಾನೇ ಸೋತವನು ಯಾವುದಕ್ಕೂ ಒಡೆಯನಲ್ಲ. ಒಡೆಯನಲ್ಲದವನು ಒಡ್ಡಿದ ಪಣವು ಪಣವೇ ಅಲ್ಲ. ಇದು ಅಳಲಲ್ಲ, ವ್ಯವಹಾರಶಾಸ್ತ್ರ. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನುಣುಚಿಕೊಳ್ಳುವನು. ವಿಕರ್ಣನೊಬ್ಬನು ಅವಳ ಪಕ್ಷವನ್ನು ಹಿಡಿಯುವನು; ಅವನ ಬಾಯನ್ನು ಕರ್ಣನು ಮುಚ್ಚಿಸುವನು. ಕೊನೆಗೆ ಧೃತರಾಷ್ಟ್ರನು ವರಗಳನ್ನು ಕೊಡ ಬಂದಾಗ ಅವಳು ಎರಡನ್ನು ಕೇಳಿ, ಮೂರನೆಯದನ್ನು ಒಲ್ಲೆನೆನ್ನುವಳು. ಗಂಡಂದಿರ ಬಿಡುಗಡೆಯಾಯಿತು, ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ. ಪುಣೆಯ ಭಾಂಡಾರಕರ ಸಂಸ್ಥೆಯ ಪರಿಷ್ಕರಣದಲ್ಲಿ ಎಡ್ಗರ್ಟನ್ ಪಂಡಿತರು ಸಂಪಾದಿಸಿದ ಸಭಾಪರ್ವವು (1944) ಕೃಷ್ಣನನ್ನು ಕೂಗಿ ಕರೆಯುವ ಭಾಗವನ್ನು ಮೂಲದಿಂದ ಇಳಿಸಿ ಅಡಿಟಿಪ್ಪಣಿಗೆ ಕಳುಹಿಸಿದೆ. ವಸ್ತ್ರವು ಬೆಳೆಯುವ ಸಂಗತಿ ಮೂಲದಲ್ಲಿಯೇ ಉಳಿದಿದೆ, ಬೆಳೆಸಿದವನ ಹೆಸರಿಲ್ಲ. ಈ ಪಾಠವನ್ನು ಒಪ್ಪಿದರೆ ಪ್ರಶ್ನೆಯ ಕಾವು ಇನ್ನೂ ಹೆಚ್ಚುವುದೇ ಹೊರತು ತಗ್ಗದು.

ಈ ಪ್ರಶ್ನೆಯು ಕನ್ನಡದಲ್ಲಿ ಏನಾಯಿತೆಂಬುದೇ ಪ್ರಕೃತ ವಿಚಾರ. ಅದನ್ನು ಶೋಧಿಸುವವರು ಬಹು ದೂರ ಹೋಗಬೇಕಾಗಿಲ್ಲ. ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ನುಡಿದುದಾಗಿ ಹೇಳಿಕೊಂಡಿರುವನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕುಮಾರವ್ಯಾಸನ ಆರಾಧ್ಯನಾದ ವೀರನಾರಾಯಣನು ಗದುಗಿನಲ್ಲಿರುವನು. ಗದಗು, ಹರ್ತಿ, ಮುಳುಗುಂದ, ಲಕ್ಷ್ಮೇಶ್ವರಗಳನ್ನೊಳಗೊಂಡ ಒಂದೇ ಸೀಮೆಯು ಐನೂರು ವರ್ಷಗಳ ಅಂತರದಲ್ಲಿ ದ್ರೌಪದಿಯನ್ನು ಎರಡು ಬಗೆಯಾಗಿ ಕಂಡಿತೆಂದರೆ ಉತ್ಪ್ರೇಕ್ಷೆಯಾಗದು.

ವಿಕ್ರಮಾರ್ಜುನವಿಜಯದಲ್ಲಿ (941) ದ್ರೌಪದಿ ಅರ್ಜುನನೊಬ್ಬನಿಗೇ ಪತ್ನಿ. ಅರಿಕೇಸರಿಯನ್ನು ಅರ್ಜುನನೊಡನೆ ತಗುಳ್ಚಿದ ಕವಿಗೆ ಇದು ಅನಿವಾರ್ಯವಾಯಿತು. ಆಳುವ ಅರಸನ ಅರಸಿಯನ್ನು ಐವರಿಗೆ ಹಂಚುವುದು ಹೇಗೆ? ಔಚಿತ್ಯವನ್ನು ಕಾಯ ಹೊರಟ ಈ ಮಾರ್ಪಾಟಿನಿಂದಲೇ ಮತ್ತೊಂದು ಅನೌಚಿತ್ಯವು ಹುಟ್ಟಿಕೊಂಡಿತು. ದುಶ್ಶಾಸನನನ್ನು ಸೀಳಿ ಅವಳ ಮುಡಿಯನ್ನು ಕಟ್ಟುವವನು ಭೀಮ. ಮೂಲದಲ್ಲಿ ಅವನು ಗಂಡ. ಪಂಪನಲ್ಲಿ ಗಂಡನ ಅಣ್ಣ. ಭಾವನು ನಾದಿನಿಯ ಮುಡಿಯನ್ನು ರಣರಂಗದಲ್ಲಿ ಕಟ್ಟುವುದು ಹೇಗೆ ಸಲ್ಲುವುದೆಂದು ಯಾವ ಸಹೃದಯನಾದರೂ ಕೇಳಬಹುದು. ಆದರೂ ಆ ಸಂದರ್ಭದ ಪದ್ಯವನ್ನು ಓದುವಾಗ ಈ ಶಂಕೆ ಬಾಯಿಗೆ ಬರುವುದಿಲ್ಲ. ಅರಸರ ಬೆಳ್ಗೊಡೆಗಳೆಲ್ಲ ಅಡಗಿ ಹೋದುದು ಈ ಕೇಶಪಾಶದಲ್ಲಿ, ಭಾರತಕ್ಕೆ ಮೊದಲಾದುದೂ ಇದೇ ಎಂಬ ಭೀಮನ ಮಾತು ಅಷ್ಟು ಬಲವಾದುದು. ಸಭೆಯಲ್ಲಿ ನಡೆದ ಧರ್ಮವಿಚಾರಕ್ಕಾದರೋ ಪಂಪನು ಹೆಚ್ಚು ಎಡೆಗೊಡನು. ಕೇಶಗ್ರಹಣದಿಂದ ಪ್ರತಿಜ್ಞೆಗೆ, ಪ್ರತಿಜ್ಞೆಯಿಂದ ಯುದ್ಧಕ್ಕೆ ಕಥೆಯು ಧಾವಿಸುವುದು. ಗ್ರಂಥಾಂತ್ಯದಲ್ಲಿ ಅರ್ಜುನನಿಗೆ ಪಟ್ಟವಾಗುವಾಗ ಅವನ ಬಲಕ್ಕೆ ಕುಳಿತು ಮಹಾದೇವಿಯಾಗುವವಳು ಸುಭದ್ರೆ. ಅಭಿಮನ್ಯುವಿನ ಸಂತತಿಯಿಂದಲೇ ವಂಶ ಮುಂದುವರಿದುದರಿಂದ ಇದು ಸರಿಯೆಂಬ ಸಮಾಧಾನವುಂಟು. ಆಶ್ರಯದಾತನ ಅಂತಃಪುರದ ಸೂಚನೆಯಿದೆಯೆಂಬ ಊಹೆಯೂ ಉಂಟು. ಎರಡನ್ನೂ ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ಭಾರತಕ್ಕೆ ಕಾರಣವಾದ ಮುಡಿಗೆ ಮಹಾಪದ್ಯ ದೊರೆಯಿತು, ಮುಡಿಯುಳ್ಳವಳಿಗೆ ಪೀಠ ದೊರೆಯಲಿಲ್ಲ.

ರನ್ನನು ಈ ಕೊರತೆಯನ್ನು ತುಂಬಿದನೆಂದು ಹೇಳುವುದುಂಟು. ಸಾಹಸಭೀಮವಿಜಯದಲ್ಲಿ ಭೀಮನಿಗೆ ಪಟ್ಟವಾಗುವುದು ದ್ರೌಪದಿಯೊಡನೆ. ಭಟ್ಟನಾರಾಯಣನ ವೇಣೀಸಂಹಾರದ ಛಾಯೆಯಲ್ಲಿ ಬಂದ ಭೀಮ ದ್ರೌಪದಿಯರ ಸಂವಾದವೂ ತೇಜಸ್ವಿಯಾದುದೇ. ಆದರೆ ಅಲ್ಲಿಯೂ ಅವಳ ಮಾತಿನ ಪ್ರಯೋಜನವು ಭೀಮನ ಕೋಪವನ್ನು ಕೆರಳಿಸುವುದು. ನಾಟ್ಯಶಾಸ್ತ್ರದ ಭಾಷೆಯಲ್ಲಿ ಉದ್ದೀಪನವಿಭಾವ. ಅರ್ಜುನನು ನಾಯಕನಾದರೆ ಅವಳು ಪೀಠದಿಂದಿಳಿಯುವಳು, ಭೀಮನು ನಾಯಕನಾದರೆ ಏರುವಳು. ಏರಿಸಿದ ಕವಿಯನ್ನು ಸ್ತ್ರೀಪಕ್ಷಪಾತಿಯೆಂದೂ ಇಳಿಸಿದವನನ್ನು ವಿರೋಧಿಯೆಂದೂ ಕರೆಯುವುದು ಅವಿಚಾರ. ಇಬ್ಬರ ತಕ್ಕಡಿಯಲ್ಲಿಯೂ ಅವಳಿಗೆ ಎದುರಾಗಿರುವ ಕಲ್ಲು ನಾಯಕನೇ.

ಕುಮಾರವ್ಯಾಸನಿಗೆ ಮೆಚ್ಚಿಸಬೇಕಾದ ಅರಸನಿರಲಿಲ್ಲ. ಅವನು ಹೇಳ ಹೊರಟುದು ಕೃಷ್ಣಕಥೆಯನ್ನು. ನಾಯಕಸ್ಥಾನವು ಪಾಂಡವರ ಕೈಬಿಟ್ಟು ಮೇಲಕ್ಕೆ ಹೋದುದರಿಂದ ಐವರಲ್ಲಿ ಒಬ್ಬನ ಮಾನವನ್ನು ಕಾಯುವ ಭಾರವು ಕವಿಗೆ ಇಲ್ಲದಾಯಿತು. ಐವರನ್ನೂ ಅವನು ತಲೆತಗ್ಗಿಸಿ ಕೂರಿಸಬಲ್ಲನು. ಪ್ರಶ್ನೆಯು ಗದುಗಿನ ಭಾರತದ ಸಭಾಪರ್ವದಲ್ಲಿ ಹಿಂದಿರುಗಿ ಬರುವುದು ಹೀಗೆ. ತನ್ನನ್ನು ಮೊದಲು ಸೋತನೋ ಎಂಬ ಅದೇ ತರ್ಕ, ಹಿರಿಯರ ಅದೇ ಮೌನ, ವಿಕರ್ಣನ ಅದೇ ವಾದ. ಅನಂತರ ಅವಳ ಮೊರೆ, ಕೃಷ್ಣನ ಕರುಣೆ, ಮುಗಿಯದ ಸೀರೆ. ಭಕ್ತಿಯ ದೃಷ್ಟಿಯಿಂದ ಇದು ಪರಮಸಿದ್ಧಿ. ತರ್ಕದ ದೃಷ್ಟಿಯಿಂದ ನೋಡಿದರೆ, ದೇವನು ದೇಹವನ್ನು ಕಾಯ್ದನು, ಪ್ರಶ್ನೆಯನ್ನು ಸಭೆಯ ಮಡಿಲಲ್ಲಿಯೇ ಬಿಟ್ಟನು. ಕವಿಯು ಎರಡನ್ನೂ ಒಂದೇ ಸಂಧಿಯಲ್ಲಿ ಹಿಡಿದಿರುವನೆಂಬುದನ್ನು ಪಾಠ ಹೇಳುವವರು ಮರೆಯಬಾರದು. ತರಗತಿಯಲ್ಲಿ ಮೊರೆಯ ಪದ್ಯಗಳನ್ನಷ್ಟೇ ಓದಿಸಿ ಪ್ರಶ್ನೆಯ ಪದ್ಯಗಳನ್ನು ಬಿಟ್ಟರೆ ಹುಡುಗರು ಒಬ್ಬ ಅನಾಥೆಯನ್ನು ಕಾಣುವರು, ವಾದಿಯನ್ನು ಕಾಣರು.

ರಂಗಭೂಮಿಯಲ್ಲಿ ಆದುದು ಇದೇ. ಗದುಗು ನಾಟಕಕ್ಕೆ ಹೆಸರಾದ ಊರು. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರ (1856–1920) ಮಂಡಳಿಯೂ, ತರುವಾಯ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿ ಬೆಳೆದುವು. ಆ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಪುರುಷರೇ ಧರಿಸುತ್ತಿದ್ದರು. ಹೆಣ್ಣಿನ ಲಾವಣ್ಯವನ್ನು ಅನುಕರಿಸುವುದೇ ನಟನ ಸಾಮರ್ಥ್ಯವೆನಿಸಿದಾಗ ಹೆಣ್ಣಿನ ತರ್ಕವು ಹಿಂದೆ ಬೀಳುವುದು ಸಹಜ. ವಸ್ತ್ರಾಪಹರಣವು ಕಂಪನಿ ನಾಟಕಗಳಿಗೆ ಪ್ರಿಯವಾದ ದೃಶ್ಯ. ಅಲ್ಲಿ ಜನರ ಕಣ್ಣು ಸೀರೆಯ ಮೇಲೆ, ಯಂತ್ರದ ಚಮತ್ಕಾರದ ಮೇಲೆ. ಚಲಚ್ಚಿತ್ರವೂ ಇದೇ ಹಾದಿಯಲ್ಲಿ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರದ ಹೆಸರೇ ‘ಸತಿ ಸುಲೋಚನಾ’ (1934): ಹೆಸರಿಗೆ ಮುನ್ನ ಬಿರುದು. 1977ರ ‘ಬಭ್ರುವಾಹನ’ದಲ್ಲಿ ಚಿತ್ರಾಂಗದೆಯ ಶೀಲವನ್ನು ಅರ್ಜುನನು ಹಳಿದಾಗ ಉತ್ತರ ಕೊಡುವುದು ಮಗನ ಬಾಣ. ಜೈಮಿನಿಯ ಕಥೆಯೇ ಹಾಗಿದೆಯೆಂಬುದು ನಿಜ. ಹಾಗಿರುವ ಕಥೆಯೇ ಮತ್ತೆ ಮತ್ತೆ ಆಯ್ಕೆಗೊಳ್ಳುವುದೂ ನಿಜ.

ಜನಪದರ ಆಟವು ಈ ವಿಷಯದಲ್ಲಿ ಪಂಡಿತರನ್ನು ನಾಚಿಸುವಂತಿದೆ. ಕುಲಗೋಡು ತಮ್ಮಣ್ಣನ ಹೆಸರಿನೊಡನೆ ಬೆಳೆದ ಶ್ರೀಕೃಷ್ಣಪಾರಿಜಾತದಲ್ಲಿ ಸತ್ಯಭಾಮೆಯು ಲಕ್ಷಣಗ್ರಂಥದ ಖಂಡಿತೆಯೇ ಸರಿ. ಆದರೆ ಅವಳ ಮುನಿಸು ಶೃಂಗಾರಕ್ಕೆ ಒಗ್ಗರಣೆಯಾಗಿ ಮುಗಿಯದು. ಹೂವು ರುಕ್ಮಿಣಿಗೆ ಹೋದುದೇಕೆಂದು ಅವಳು ಕೇಳುವಳು; ಜಗನ್ನಾಯಕನು ಉತ್ತರ ಹೇಳಲಾರದೆ ಕೊರವಂಜಿಯ ವೇಷ ಹಾಕಿಕೊಂಡು ಬರಬೇಕಾಗುವುದು. ಗಂಡನು ಹೆಂಡತಿಯ ಪ್ರಶ್ನೆಗಾಗಿ ಹೆಣ್ಣಾಗುವ ಈ ಹಾಸ್ಯದೊಳಗೆ ಇರುವ ನ್ಯಾಯಬುದ್ಧಿಯು ಅನೇಕ ಪೌರಾಣಿಕ ಚಿತ್ರಗಳಲ್ಲಿ ಇಲ್ಲ.

ಈಚಿನ ಗದ್ಯವು ದ್ರೌಪದಿಗೆ ಬೇರೊಂದು ಬಗೆಯ ಉಪಕಾರ ಮಾಡಿದೆ. ಭೈರಪ್ಪನವರ ‘ಪರ್ವ’ದಲ್ಲಿ (1979) ಪವಾಡವಿಲ್ಲ, ಅವಳ ಮನಸ್ಸಿನೊಳಗೇ ಓದುಗನು ಕುಳಿತುಕೊಳ್ಳುವನು. ಐವರೊಡನೆ ಬಾಳಿದ ಹೆಣ್ಣಿನ ನೆನಪು, ಅಸೂಯೆ, ದಣಿವು ಇಷ್ಟು ವಿಸ್ತಾರವಾಗಿ ಹಳಗನ್ನಡದಲ್ಲಿ ಸಿಗವು. ಆದರೆ ನೆನೆಯುವವಳಿಗೆ ಎದುರಾಳಿ ಇರುವುದಿಲ್ಲ. ಅವಳಿಗೆ ಮನಸ್ಸು ದೊರಕಿ ಸಭೆಯು ಕೈತಪ್ಪಿದಂತಾಯಿತು. ಒಬ್ಬಳೇ ಕುಳಿತು ಕೇಳಿಕೊಂಡ ಪ್ರಶ್ನೆಯು ಯಾವ ಭೀಷ್ಮನನ್ನೂ ತಡವರಿಸುವಂತೆ ಮಾಡದು.

ಎದುರಾಳಿಯೂ ಇದ್ದು ಪವಾಡವೂ ಇಲ್ಲದ ಸಂದರ್ಭವೊಂದು ಗದುಗಿನ ಭಾರತದಲ್ಲಿಯೇ ಇದೆ. ಸಭಾಪರ್ವದ ಪ್ರಸಿದ್ಧಿಯ ನೆರಳಿನಲ್ಲಿ ಅದರ ತರ್ಕವು ಸಾಕಷ್ಟು ಪರಾಮರ್ಶೆಗೊಂಡಂತೆ ಕಾಣದು. ವಿರಾಟಪರ್ವದಲ್ಲಿ ಕೀಚಕನಿಂದ ಒದೆಸಿಕೊಂಡ ಸೈರಂಧ್ರಿಯು ಯಾರ ಬಳಿಗೆ ಹೋಗಲೆಂದು ಯೋಚಿಸುವಳು. ಕವಿಯು ಅವಳಿಂದ ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ತೂಗಿಸುವನು. ಧರ್ಮರಾಯನು ಸೈರಣೆಯನ್ನು ಬೋಧಿಸುವನು. ಉಳಿದವರು ಅಣ್ಣನ ಮಾತನ್ನು ಮೀರರು. ಲಕ್ಷಣಕಾರರು ನಾಯಿಕೆಯರನ್ನು ವಿಂಗಡಿಸಿದರೆ ಇಲ್ಲಿ ನಾಯಿಕೆಯು ನಾಯಕರನ್ನು ವಿಂಗಡಿಸುತ್ತಿರುವಳು. ಆಯ್ದವನಾದರೂ ಒಡನೆ ಎದ್ದು ನಿಲ್ಲುವನೇ? ಇರುಳಿನಲ್ಲಿ ಅಡುಗೆಯ ಮನೆಗೆ ಬಂದು ಎಬ್ಬಿಸಿದವಳಿಗೆ ಭೀಮನು ಮೊದಲು ಒಲ್ಲೆನೆನ್ನುವನು. ಕಷ್ಟ ಬಂದಾಗ ಮಾತ್ರ ತಾನು ನೆನಪಾಗುವೆನೆಂಬ ಅವನ ಮುನಿಸಿನಲ್ಲಿ ಸತ್ಯವೂ ಇದೆ. ಆ ಮುನಿಸಿಗೆ ಎದುರಾಗಿ ಅವಳು ಹೆಣ್ಣುಜನ್ಮವನ್ನೂ ಐವರ ಗಂಡತನವನ್ನೂ ಹಳಿದು ನುಡಿಯುವ ಮಾತುಗಳನ್ನು ಕೇವಲ ಕರುಣರಸವೆಂದು ಗುರುತಿಸಿ ಮುಂದೆ ಸಾಗುವುದು ವ್ಯಾಖ್ಯಾನವಾಗದು. ಸಭೆಯಲ್ಲಿ ಒಡೆತನದ ಬಗ್ಗೆ ಕೇಳಿದುದನ್ನೇ ಅವಳು ಇಲ್ಲಿ ಮಗುಚಿ ಕೇಳುತ್ತಿರುವಳು: ಕಾಯಲಾರದವನು ಒಡೆಯನೆಂತು? ಈ ಸಲ ಧರ್ಮವು ಸೂಕ್ಷ್ಮವೆಂದು ಯಾರೂ ಹೇಳುವುದಿಲ್ಲ, ಸೀರೆಯೂ ಬೆಳೆಯುವುದಿಲ್ಲ. ಭೀಮನು ಅವಳ ಕಣ್ಣೀರನ್ನೊರಸಿ ಕೀಚಕನನ್ನು ನಾಟ್ಯಶಾಲೆಗೆ ಕರೆಯಿಸೆನ್ನುವನು.